ತಟಸ್ಥ ನೀತಿಯ ಲೆಕ್ಕ, ಕುರಕುಂಭದಿಂದ ನೋಡಿದಾಗ

ವಿದೇಶಾಂಗ ನೀತಿ ಎಂದ ಕೂಡಲೇ ನಮಗೆ ನೆನಪಾಗುವುದು ದೆಹಲಿ. ಎರಡು ಬಾವುಟಗಳ ನಡುವೆ ನಿಂತು ಕೈಕುಲುಕುವ ನಾಯಕರು, ಜಂಟಿ ಹೇಳಿಕೆ, ರಾತ್ರಿ ಒಂಬತ್ತರ ಟಿವಿ ಚರ್ಚೆಯಲ್ಲಿ ನಿವೃತ್ತ ರಾಯಭಾರಿಗಳ ವಾದ. ಊರು ಬಿಟ್ಟು ಹೊಟ್ಟೆಪಾಡಿಗೆ ಬಂದ ನಮ್ಮಂಥವರಿಗೂ ಅದಕ್ಕೂ ಏನು ಸಂಬಂಧ ಎಂದು ಕೇಳುವವರೇ ಹೆಚ್ಚು. ಈ ಸಲದ ಅಂಕಣದಲ್ಲಿ ಆ ಸಂಬಂಧವನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಕುರಕುಂಭ ಗೊತ್ತಿಲ್ಲದ ಓದುಗರಿಗೆ ಒಂದು ಮಾತು. ಪುಣೆ-ಸೊಲ್ಲಾಪುರ ಹೆದ್ದಾರಿಯಲ್ಲಿ, ದೌಂಡ್ ತಾಲ್ಲೂಕಿನಲ್ಲಿರುವ ಊರಿದು. ಒಂದು ಕಡೆ ಫಿರಂಗಾಯಿ ದೇವಿಯ ಗುಡಿ, ಇನ್ನೊಂದು ಕಡೆ ಎಂಐಡಿಸಿ. ರಾಸಾಯನಿಕಗಳನ್ನೂ ಔಷಧಗಳ ಮೂಲವಸ್ತುಗಳನ್ನೂ ತಯಾರಿಸುವ ಕಾರ್ಖಾನೆಗಳು ಇಲ್ಲಿವೆ. ಗುತ್ತಿಗೆ ಕೆಲಸಕ್ಕೆ ಬಂದವರಲ್ಲಿ ಕಲಬುರಗಿ, ವಿಜಯಪುರ, ಬೀದರ್ ಕಡೆಯವರು ಸಾಕಷ್ಟು ಜನ ಸಿಗುತ್ತಾರೆ. ದೌಂಡ್‌ನಲ್ಲಿ ರೈಲು ಹತ್ತಿದರೆ ಸೊಲ್ಲಾಪುರ ದಾಟಿ ಕಲಬುರಗಿ, ಅಷ್ಟೇ ದೂರ.

ನಾನು ಇಂಥದೊಂದು ಕಾರ್ಖಾನೆಯಲ್ಲಿ ಖರೀದಿ ಮತ್ತು ರವಾನೆಯ ಸಾಫ್ಟ್‌ವೇರ್ ನೋಡಿಕೊಳ್ಳುವವನು. ಜಗತ್ತಿನ ಯುದ್ಧಗಳು ನನ್ನ ಪರದೆಯ ಮೇಲೆ ಬರುವುದು ತಾರೀಖು ಮತ್ತು ದರಗಳ ರೂಪದಲ್ಲಿ. 2023ರ ನವೆಂಬರ್‌ನಲ್ಲಿ ಯೆಮನ್‌ನ ಹೂತಿಗಳು ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ಬಿದ್ದರು. ಅಲ್ಲಿಂದ ಮುಂದೆ ನ್ಹಾವಾ ಶೇವಾ ಬಂದರಿನಿಂದ ಯುರೋಪಿಗೆ ಹೊರಟ ಸರಕು ಸೂಯೆಜ್ ಕಾಲುವೆ ಬಿಟ್ಟು ಆಫ್ರಿಕಾದ ದಕ್ಷಿಣ ತುದಿಯನ್ನು ಸುತ್ತಿಕೊಂಡು ಹೋಗತೊಡಗಿತು. ದಿನ ಹೆಚ್ಚಾಯಿತು, ಬಾಡಿಗೆ ಹೆಚ್ಚಾಯಿತು, ವಿಮೆ ಹೆಚ್ಚಾಯಿತು. ಆದರೂ ಡ್ರಮ್ಮಿನಲ್ಲಿ ತುಂಬಿದ ಸರಕು ಕಾಯಬಲ್ಲದು. ಮನುಷ್ಯರು ಕಾಯಲಾರರು. ಸರ್ಕಾರದ ವಿದೇಶಾಂಗ ನೀತಿಯ ನಿಜವಾದ ಪರೀಕ್ಷೆ ಅಲ್ಲಿ ಎಂದು ನನಗನ್ನಿಸುತ್ತದೆ.

ಈಚಿನ ವರ್ಷಗಳಲ್ಲಿ ಭಾರತದ ನಿಲುವು ಏನು? ಒಂದೇ ಸಾಲಿನಲ್ಲಿ ಹೇಳುವುದಾದರೆ, ಜಗಳವಾಡುವ ಇಬ್ಬರಲ್ಲಿ ಯಾರೊಂದಿಗೂ ಮಾತು ಬಿಡದಿರುವುದು. 2022ರ ಫೆಬ್ರುವರಿ 25ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಉಕ್ರೇನ್ ಮೇಲಿನ ರಷ್ಯಾ ದಾಳಿಯನ್ನು ಖಂಡಿಸುವ ನಿರ್ಣಯ ಬಂದಾಗ ಭಾರತ ಮತ ಹಾಕದೆ ಉಳಿಯಿತು. ಮಾರ್ಚ್ 2ರಂದು ಮಹಾಸಭೆಯಲ್ಲಿ 141 ದೇಶಗಳು ನಿರ್ಣಯದ ಪರ, 5 ದೇಶಗಳು ವಿರುದ್ಧ ನಿಂತವು. ತಟಸ್ಥವಾಗಿ ಉಳಿದ 35 ದೇಶಗಳಲ್ಲಿ ನಮ್ಮದೂ ಒಂದು. 2023ರ ಅಕ್ಟೋಬರ್‌ನಲ್ಲಿ ಗಾಜಾ ಕದನವಿರಾಮದ ನಿರ್ಣಯಕ್ಕೂ ಹೀಗೇ ದೂರ ಉಳಿದು, ಡಿಸೆಂಬರ್‌ನಲ್ಲಿ ಇನ್ನೊಂದು ನಿರ್ಣಯ ಬಂದಾಗ ಪರವಾಗಿ ಮತ ಹಾಕಿತು.

ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇದಕ್ಕೆ ಎರಡೇ ಪ್ರತಿಕ್ರಿಯೆ. ಒಬ್ಬರು ಇದನ್ನು ಚಾಣಕ್ಯನ ಬುದ್ಧಿ ಎನ್ನುತ್ತಾರೆ, ಇನ್ನೊಬ್ಬರು ಬೆನ್ನೆಲುಬಿಲ್ಲದ ನೀತಿ ಎನ್ನುತ್ತಾರೆ. ಇಬ್ಬರೂ ನೋಡುವುದು ಮತಪಟ್ಟಿಯನ್ನು. ಮತ ಹಾಕದೆ ಉಳಿದದ್ದರಿಂದ ನಮಗೆ ಏನು ಸಿಕ್ಕಿತು, ಸಿಕ್ಕಿದ್ದು ಯಾರ ಮನೆಗೆ ಮುಟ್ಟಿತು, ಯಾರ ಮನೆಗೆ ಮುಟ್ಟಲಿಲ್ಲ ಎಂಬ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ನನ್ನ ಕೆಲಸವೇ ಲೆಕ್ಕ ತಾಳೆ ನೋಡುವುದಾದ್ದರಿಂದ ಆ ಕಡೆಯಿಂದಲೇ ಹೊರಡುತ್ತೇನೆ.

ಮೊದಲಿಗೆ, ಈ ನೀತಿ ನಿನ್ನೆ ಮೊನ್ನೆಯದಲ್ಲ. ಅದರ ಮೊದಲ ದೊಡ್ಡ ಪರೀಕ್ಷೆ ನಡೆದಾಗ ಎದುರಿಗಿದ್ದವರಲ್ಲಿ ಇಬ್ಬರು ನಮ್ಮ ಸೀಮೆಯವರೇ. 1950ರ ಜೂನ್ 25ರಂದು ಉತ್ತರ ಕೊರಿಯಾದ ಸೈನ್ಯ ದಕ್ಷಿಣಕ್ಕೆ ನುಗ್ಗಿದಾಗ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿ ಕೂತಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಅದೇ ಬಿ.ಎನ್. ರಾವ್. ಆ ದಿನದ ನಿರ್ಣಯಕ್ಕೆ, ಅಂದರೆ ದಾಳಿಯನ್ನು ತಪ್ಪೆಂದು ಹೇಳಿ ಸೈನ್ಯ ಹಿಂದೆ ಸರಿಯಬೇಕೆಂದ ನಿರ್ಣಯಕ್ಕೆ, ಭಾರತ ಪರವಾಗಿ ಮತ ಹಾಕಿತು. ಜುಲೈ 7ರಂದು ಅಮೆರಿಕದ ನಾಯಕತ್ವದಲ್ಲಿ ಸೇನಾ ಕಮಾಂಡ್ ರಚಿಸುವ ನಿರ್ಣಯ ಬಂದಾಗ ಮತ ಹಾಕದೆ ಉಳಿಯಿತು. ಯುದ್ಧಕ್ಕೆ ಸೈನಿಕರನ್ನು ಕಳಿಸದೆ, ಗಾಯಾಳುಗಳ ಆರೈಕೆಗೆ 60ನೇ ಪ್ಯಾರಾ ಫೀಲ್ಡ್ ಆ್ಯಂಬುಲೆನ್ಸ್ ಎಂಬ ವೈದ್ಯಕೀಯ ತುಕಡಿಯನ್ನು ಕಳಿಸಿತು.

ಇದರಲ್ಲಿ ಒಂದು ಸೂಕ್ಷ್ಮ ಗಮನಿಸಬೇಕು. ತಪ್ಪನ್ನು ತಪ್ಪೆಂದು ಹೇಳಿದ್ದೂ ಆಯಿತು, ಯಾರ ಬಣಕ್ಕೂ ಸೇರದೆ ಉಳಿದದ್ದೂ ಆಯಿತು. ಎರಡೂ ಒಟ್ಟಿಗೇ ಸಾಧ್ಯವಿತ್ತು.

ಮುಂದೆ 1953ರ ಜುಲೈ 27ರಂದು ಕದನವಿರಾಮವಾದಾಗ ಊರಿಗೆ ಮರಳಲು ಒಪ್ಪದ ಯುದ್ಧಕೈದಿಗಳ ಪ್ರಶ್ನೆ ಉಳಿಯಿತು. ಒಂದು ಬದಿಯಲ್ಲಿ 22 ಸಾವಿರಕ್ಕೂ ಹೆಚ್ಚು ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳು, ಇನ್ನೊಂದು ಬದಿಯಲ್ಲಿ ಮುನ್ನೂರು ಚಿಲ್ಲರೆ ಜನ. ಇವರನ್ನು ಯಾರ ಕೈಗೆ ಒಪ್ಪಿಸುವುದು? ಎರಡೂ ಬಣಗಳು ಒಪ್ಪಿದ ಹೆಸರು ಭಾರತ. ಐದು ದೇಶಗಳ ತಟಸ್ಥ ಆಯೋಗಕ್ಕೆ ಅಧ್ಯಕ್ಷರಾಗಿ ಹೋದವರು ಮಡಿಕೇರಿಯ ಕೆ.ಎಸ್. ತಿಮ್ಮಯ್ಯ. ಕಾವಲು ಪಡೆಯ ಮುಖ್ಯಸ್ಥರು ಕೊಲ್ಹಾಪುರ ಸೀಮೆಯ ಎಸ್.ಪಿ.ಪಿ. ಥೋರಾತ್. ಕೊಡಗಿನವರೊಬ್ಬರು, ಮರಾಠಿ ನೆಲದವರೊಬ್ಬರು. ಗಡಿಯ ವಿಷಯದಲ್ಲಿ ಕಚ್ಚಾಡುವ ನಮ್ಮೆರಡು ರಾಜ್ಯಗಳವರು ಒಮ್ಮೆ ನೆನಪಿಸಿಕೊಳ್ಳಬೇಕಾದ ಜೋಡಿ ಇದು.

ಅಲ್ಲಿ ಅವರಿಗೆ ಹೂಮಾಲೆಯ ಸ್ವಾಗತ ಇರಲಿಲ್ಲ. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಭಾರತದ ಸೈನಿಕರು ತನ್ನ ನೆಲಕ್ಕೆ ಕಾಲಿಡಬಾರದೆಂದು ಹಟ ಹಿಡಿದರು. ಹಾಗಾಗಿ ಇಂಚೋನ್‌ನಲ್ಲಿ ನಿಂತ ಹಡಗುಗಳಿಂದ ಸೈನಿಕರನ್ನು ಹೆಲಿಕಾಪ್ಟರ್‌ಗಳಲ್ಲಿ ಎತ್ತಿ ಸೇನಾರಹಿತ ವಲಯಕ್ಕೆ ಇಳಿಸಬೇಕಾಯಿತು. ಭಾರತ ಕಮ್ಯುನಿಸ್ಟರ ಕಡೆ ಎಂದು ಒಂದು ಬದಿಯವರು, ಅಮೆರಿಕದ ಕಡೆ ಎಂದು ಇನ್ನೊಂದು ಬದಿಯವರು ಬೈದರು. 1954ರ ಜನವರಿಯಲ್ಲಿ ಕೆಲಸ ಮುಗಿಯಿತು. ಎರಡೂ ಕಡೆಗೆ ಹೋಗಲು ಒಪ್ಪದ 88 ಮಂದಿಯನ್ನು ಭಾರತ ತನ್ನ ಜೊತೆಗೇ ಕರೆತಂದಿತು. ತಟಸ್ಥರಾಗಿರುವುದು ಎಂದರೆ ಮೂಲೆಯಲ್ಲಿ ಕೈಕಟ್ಟಿ ಕೂರುವುದು ಎಂಬ ತಿಳಿವಳಿಕೆ ತಪ್ಪು ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಇಬ್ಬರಿಂದಲೂ ಬೈಸಿಕೊಂಡು ಇಬ್ಬರಿಗೂ ಬೇಕಾದ ಕೆಲಸ ಮಾಡಿಕೊಡುವುದು, ಅದು ಅಂದಿನ ತಟಸ್ಥ ನೀತಿ.

ಇನ್ನು ಈಗಿನ ಕಾಲಕ್ಕೆ ಬರೋಣ. ಇಂದು ಈ ನೀತಿಯ ಫಲ ಕಣ್ಣಿಗೆ ಕಾಣುವುದು ಯುದ್ಧದ ನಡುವಿನಿಂದ ನಮ್ಮವರನ್ನು ಕರೆತರುವಾಗ. ಉಕ್ರೇನಿನ ಸುಮಿ ನಗರದಲ್ಲಿ ಸುಮಾರು 700 ಭಾರತೀಯ ವಿದ್ಯಾರ್ಥಿಗಳು ಸಿಕ್ಕಿಬಿದ್ದಿದ್ದರು. 2022ರ ಮಾರ್ಚ್ 7ರಂದು ಪ್ರಧಾನಿ ಮೋದಿ ಪುಟಿನ್ ಜೊತೆಗೂ ಝೆಲೆನ್‌ಸ್ಕಿ ಜೊತೆಗೂ ಫೋನಿನಲ್ಲಿ ಮಾತಾಡಿದರು. ಮರುದಿನ ವಿದ್ಯಾರ್ಥಿಗಳ ಬಸ್ಸುಗಳು ಪೊಲ್ಟಾವಾ ಕಡೆಗೆ ಹೊರಟವು. ಒಬ್ಬರ ಜೊತೆಗಷ್ಟೇ ಮಾತಾಡಬಲ್ಲ ದೇಶಕ್ಕೆ ಇದು ಕಷ್ಟವಾಗುತ್ತಿತ್ತು. ಆಪರೇಷನ್ ಗಂಗಾ ಮುಗಿಯುವ ಹೊತ್ತಿಗೆ 90 ವಿಮಾನಗಳು ಹಾರಾಡಿದ್ದವು.

2025ರ ಜೂನ್‌ನಲ್ಲಿ ಇಸ್ರೇಲ್ ಮತ್ತು ಇರಾನ್ ನಡುವೆ ಕಾದಾಟ ಶುರುವಾದಾಗಲೂ ಹೀಗೇ ಆಯಿತು. ಚಿಕ್ಕಬಳ್ಳಾಪುರ ಜಿಲ್ಲೆ ಗೌರಿಬಿದನೂರು ತಾಲ್ಲೂಕಿನ ಅಲೀಪುರ ಗೊತ್ತಿರಬಹುದು. ಶಿಯಾ ಮುಸ್ಲಿಮರು ಹೆಚ್ಚಾಗಿರುವ ಊರು. ಓದಲಿಕ್ಕೆ, ಯಾತ್ರೆಗೆ ಇರಾನಿಗೆ ಹೋಗಿಬರುವುದು ಅಲ್ಲಿ ತಲೆಮಾರುಗಳ ರೂಢಿ. ಆ ಜೂನ್‌ನಲ್ಲಿ ಅಲ್ಲಿ ಸಿಕ್ಕಿಕೊಂಡ ಕನ್ನಡಿಗರಲ್ಲಿ ಅಲೀಪುರದವರು ಬಹಳ ಮಂದಿ. ಇಸ್ರೇಲ್ ದಾಳಿಯನ್ನು ಖಂಡಿಸಿದ ಶಾಂಘೈ ಸಹಕಾರ ಸಂಘಟನೆಯ ಹೇಳಿಕೆಯಲ್ಲಿ ತಾನು ಪಾಲುಗೊಂಡಿಲ್ಲ ಎಂದು ಭಾರತ ಹೇಳಿದ್ದು ಜೂನ್ 14ರಂದು. ಇರಾನಿಗೆ ಅದು ಹಿಡಿಸಿರಲಾರದು. ಆದರೂ ಒಂದು ವಾರದೊಳಗೆ ಇರಾನ್ ಭಾರತೀಯರಿಗಾಗಿ ಮುಚ್ಚಿದ್ದ ವಾಯುಮಾರ್ಗವನ್ನು ತೆರೆಯಿತು. ಮಶ್ಹದ್‌ನಿಂದ ವಿಮಾನಗಳು ದೆಹಲಿಗೆ ಬಂದವು. ಆಪರೇಷನ್ ಸಿಂಧು ಇರಾನ್ ಮತ್ತು ಇಸ್ರೇಲ್ ಎರಡೂ ಕಡೆಗಳಿಂದ ಒಟ್ಟು 4,400ಕ್ಕೂ ಹೆಚ್ಚು ಜನರನ್ನು ಕರೆತಂದಿತು. ಬಾಗಿಲು ಮುಚ್ಚದೆ ಇಟ್ಟುಕೊಂಡದ್ದಕ್ಕೆ ಸಿಕ್ಕ ಫಲ ಅದು. ಮೆಚ್ಚಬೇಕಾದ್ದನ್ನು ಮೆಚ್ಚಲೇಬೇಕು.

ಇಷ್ಟು ಜಮೆಯ ಬದಿ. ಇನ್ನು ಖರ್ಚಿನ ಬದಿ ನೋಡೋಣ.

ಸುಮಿಯಿಂದ ಬಸ್ಸು ಹೊರಡುವ ವಾರದ ಹಿಂದೆ, ಮಾರ್ಚ್ 1ರಂದು, ಖಾರ್ಕಿವ್‌ನಲ್ಲಿ ನಮ್ಮ ಹಾವೇರಿ ಜಿಲ್ಲೆಯ ಚಳಗೇರಿಯ ವೈದ್ಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಸಿಕ್ಕು ಸತ್ತ. ದಿನಸಿ ತರಲು ಹೋದವನು. ಮೃತದೇಹ ಬೆಂಗಳೂರಿಗೆ ಬಂದದ್ದು ಮಾರ್ಚ್ 21ಕ್ಕೆ. ತಂದೆ ತಾಯಿ ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನವಾಗಿ ಕೊಟ್ಟರು. ಅವನ ಸಾವಿನ ಮರುದಿನವೇ ಮಹಾಸಭೆಯಲ್ಲಿ ನಾವು ಮತ ಹಾಕದೆ ಉಳಿದದ್ದು. ಖಾರ್ಕಿವ್‌ನಲ್ಲಿ ಇನ್ನೂ ಸಾವಿರಾರು ಮಕ್ಕಳು ಸಿಕ್ಕಿಕೊಂಡಿದ್ದಾಗ ಅಂಥ ಎಚ್ಚರಿಕೆ ಬೇಕಿತ್ತು ಎಂಬ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಮಕ್ಕಳು ಮನೆ ಸೇರಿದ ಮೇಲೆ? ಆ ಶೆಲ್ ಯಾರದು, ಜನವಸತಿಯ ಮೇಲೆ ಯಾಕೆ ಬಿತ್ತು ಎಂದು ಗಟ್ಟಿ ದನಿಯಲ್ಲಿ ಕೇಳುವ ಹಕ್ಕು ನಮಗಿತ್ತು. 1950ರ ಜೂನ್‌ನಲ್ಲಿ ಬಿ.ಎನ್. ರಾವ್ ಕೂತ ಕುರ್ಚಿಯಿಂದ ಭಾರತ ಎರಡನ್ನೂ ಮಾಡಿ ತೋರಿಸಿತ್ತು.

ಅದೇ ಹೊತ್ತಿಗೆ ಎಣ್ಣೆಯ ವ್ಯವಹಾರ ಬೆಳೆಯಿತು. ಯುದ್ಧಕ್ಕೆ ಮೊದಲು ನಮ್ಮ ಕಚ್ಚಾತೈಲದ ಆಮದಿನಲ್ಲಿ ಶೇ 2ರಷ್ಟೂ ಇರದ ರಷ್ಯಾದ ಪಾಲು ಮುಂದೆ ಮೂರನೇ ಒಂದನ್ನು ಮೀರಿತು. ರಿಯಾಯಿತಿ ದರದ ಆ ಎಣ್ಣೆ ಮಂಗಳೂರಿನ ಎಂಆರ್‌ಪಿಎಲ್‌ಗೂ ಬಂತು. ಪೆಟ್ರೋಲಿಯಂ ಮೂಲದ ದ್ರಾವಕಗಳಿಲ್ಲದೆ ಕುರಕುಂಭದ ರಿಯಾಕ್ಟರ್‌ಗಳು ತಿರುಗುವುದಿಲ್ಲ. ಹಾಗಾಗಿ ನನ್ನ ಸಂಬಳದಲ್ಲೂ ಅದರ ಒಂದು ತೊಟ್ಟು ಇದೆಯೆಂದು ಒಪ್ಪಿಕೊಂಡೇ ಮಾತಾಡಬೇಕು. ಅದಕ್ಕೆ ದಂಡವನ್ನೂ ತೆತ್ತೆವು. ರಷ್ಯಾದ ಎಣ್ಣೆ ಕೊಳ್ಳುತ್ತೀರೆಂದು 2025ರ ಆಗಸ್ಟ್ 27ರಿಂದ ಅಮೆರಿಕ ಭಾರತದ ಸರಕುಗಳ ಮೇಲೆ ಹೆಚ್ಚುವರಿ ಶೇ 25 ಸುಂಕ ಹಾಕಿ, ಒಟ್ಟು ಸುಂಕವನ್ನು ಶೇ 50ಕ್ಕೆ ಏರಿಸಿತು. ಔಷಧಗಳಿಗೆ ಆಗ ವಿನಾಯಿತಿ ಇದ್ದದ್ದರಿಂದ ಇಲ್ಲಿಯ ಕೆಲವು ಗೇಟುಗಳೊಳಗೆ ಉಸಿರಾಡಲು ಜಾಗ ಉಳಿಯಿತು. ಬಟ್ಟೆ, ಸಿಗಡಿ, ವಜ್ರದ ಕೆಲಸದವರಿಗೆ ಆ ಜಾಗ ಇರಲಿಲ್ಲ.

ಎಣ್ಣೆಯ ಲಾಭ ನಷ್ಟವನ್ನು ಹೇಗೋ ಹೊಂದಿಸಬಹುದು. ನನ್ನನ್ನು ಕಾಡುವುದು ಬೇರೆ. ಈ ನೀತಿ ತೆರೆದಿಟ್ಟ ಬಾಗಿಲಿನಿಂದ ಯಾರು ಸುಲಭವಾಗಿ ಒಳಬರುತ್ತಾರೆ, ಯಾರು ಕೊನೆಗೆ ಬರುತ್ತಾರೆ?

ಸುಡಾನ್ ನೆನಪು ಮಾಡಿಕೊಳ್ಳಿ. 2023ರ ಏಪ್ರಿಲ್ 15ರಂದು ಅಲ್ಲಿಯ ಸೈನ್ಯಕ್ಕೂ ಆರ್‌ಎಸ್‌ಎಫ್ ಎಂಬ ಅರೆಸೇನೆಗೂ ಕಾಳಗ ಹತ್ತಿಕೊಂಡಿತು. ಸಿಕ್ಕಿಬಿದ್ದ ಭಾರತೀಯರಲ್ಲಿ ನಮ್ಮ ಹಕ್ಕಿಪಿಕ್ಕಿ ಜನರೂ ಇದ್ದರು. ಹುಣಸೂರಿನ ಪಕ್ಷಿರಾಜಪುರ ಮುಂತಾದ ಕಡೆ ನೆಲೆನಿಂತ ಸಮುದಾಯ. ಬೇಟೆ ನಿಂತ ಮೇಲೆ ಗಿಡಮೂಲಿಕೆ, ಕೂದಲೆಣ್ಣೆ ಮಾರುವುದನ್ನು ಹಿಡಿದು, ಊರೂರು ಅಲೆದು, ಕೊನೆಗೆ ಆಫ್ರಿಕಾದ ದೇಶಗಳವರೆಗೂ ಹೋದವರು. ಎಂಬಿಎ ಓದಿದ ನಮ್ಮ ಸೇಲ್ಸ್‌ನವರು ಹೋಗಲು ಹಿಂಜರಿಯುವ ಊರುಗಳಿಗೆ ಇವರು ಚೀಲ ಹೆಗಲಿಗೇರಿಸಿಕೊಂಡು ಹೋಗಿಬಂದಿದ್ದಾರೆ. ಕೆಲವರು ಇದ್ದದ್ದು ದೂರದ ಡಾರ್ಫರ್ ಸೀಮೆಯ ಎಲ್ ಫಾಶರ್‌ನಲ್ಲಿ. ಹಡಗು ನಿಲ್ಲುವ ಪೋರ್ಟ್ ಸುಡಾನ್ ದೇಶದ ಇನ್ನೊಂದು ತುದಿ.

ಆಗ ಕರ್ನಾಟಕದಲ್ಲಿ ವಿಧಾನಸಭೆ ಚುನಾವಣೆಯ ಕಾವು. ಏಪ್ರಿಲ್ 18ರಂದು, ಅಂದು ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ, 31 ಹಕ್ಕಿಪಿಕ್ಕಿಗಳು ಅಲ್ಲಿ ಊಟ ನೀರಿಲ್ಲದೆ ಸಿಕ್ಕಿದ್ದಾರೆ, ಕರೆತನ್ನಿ ಎಂದು ಟ್ವೀಟ್ ಮಾಡಿದರು. ವಿದೇಶಾಂಗ ಸಚಿವ ಜೈಶಂಕರ್ ಅದಕ್ಕೆ ಸಿಟ್ಟಾಗಿ, ಜೀವಗಳ ಪ್ರಶ್ನೆಯಲ್ಲಿ ರಾಜಕೀಯ ಬೇಡ ಎಂದು ಉತ್ತರಿಸಿದರು. ಇಬ್ಬರಲ್ಲಿ ಯಾರು ಸರಿ ಎಂದು ಟಿವಿಗಳು ಎರಡು ದಿನ ಜಗ್ಗಾಡಿದವು. ಸರ್ಕಾರದ ಕಷ್ಟವೂ ನಿಜ, ಬೀದಿಯಲ್ಲಿ ಗುಂಡು ಹಾರುವಾಗ ಯಾರು ಎಲ್ಲಿದ್ದಾರೆಂದು ಜಾಹೀರು ಮಾಡುವುದು ಅಪಾಯ. ಆದರೆ ಆ ಜನರ ಹೆಸರು ರಾಜ್ಯಕ್ಕೆ, ದೇಶಕ್ಕೆ ಮೊದಲ ಸಲ ಕೇಳಿಸಿದ್ದು ಒಂದು ಜಗಳದ ಮೂಲಕ ಎಂಬುದನ್ನು ಮರೆಯುವಂತಿಲ್ಲ.

ಏಪ್ರಿಲ್ 24ರಂದು ಕಾರ್ಯಾಚರಣೆ ಘೋಷಣೆಯಾಯಿತು. ಹೆಸರು ಕಾವೇರಿ. ಐಎನ್ಎಸ್ ಸುಮೇಧಾ ಮೊದಲ ತಂಡದ 278 ಜನರನ್ನು ಪೋರ್ಟ್ ಸುಡಾನ್‌ನಿಂದ ಜೆಡ್ಡಾಕ್ಕೆ ದಾಟಿಸಿತು. ಖಾರ್ಟೂಮ್ ಹತ್ತಿರದ ವಾದಿ ಸೈದ್ನಾ ಎಂಬಲ್ಲಿ, ದೀಪವಿಲ್ಲದ ಹಾಳುಬಿದ್ದ ರನ್‌ವೇಯಲ್ಲಿ, ವಾಯುಪಡೆಯ ಸಿ-130ಜೆ ವಿಮಾನ ರಾತ್ರಿ ಇಳಿದು 121 ಜನರನ್ನು ಎತ್ತಿಕೊಂಡು ಬಂತು. ಒಟ್ಟು 3,862 ಜನ ಸುಡಾನಿನಿಂದ ಹೊರಬಂದರು. ಹಕ್ಕಿಪಿಕ್ಕಿಗಳೂ ಬಸ್ಸು, ಹಡಗು, ವಿಮಾನ ಹತ್ತಿ ಬೆಂಗಳೂರು ಸೇರಿದರು. ಸೌದಿ ಅರೇಬಿಯಾದೊಂದಿಗೆ ವರ್ಷಗಟ್ಟಲೆ ಬೆಳೆಸಿದ ಸ್ನೇಹ ಅಂದು ಜೆಡ್ಡಾದಲ್ಲಿ ತಂಗುದಾಣವಾಗಿ ಒದಗಿತು. ರಾಜತಾಂತ್ರಿಕ ಸಂಬಂಧ ಎಂಬ ದೊಡ್ಡ ಶಬ್ದಕ್ಕೆ ಒಬ್ಬ ಬಡವನ ಪಾಲಿಗೆ ಇರುವ ಅರ್ಥ ಇಷ್ಟೇ, ರಾತ್ರಿ ಮಲಗಲು ಒಂದು ಜಾಗ, ಮರುದಿನ ಒಂದು ವಿಮಾನ.

ಯುದ್ಧ ಶುರುವಾದ ದಿನ ಕೆಲಸ ಮಾಡುವುದನ್ನು ನಮ್ಮ ಸರ್ಕಾರಗಳು ಕಲಿತಿವೆ. 1990ರಲ್ಲಿ ಕುವೈತ್‌ನಿಂದ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ತಂದದ್ದು, 2011ರಲ್ಲಿ ಎಸ್.ಎಂ. ಕೃಷ್ಣ ವಿದೇಶಾಂಗ ಸಚಿವರಾಗಿದ್ದಾಗ ಲಿಬಿಯಾದಿಂದ ತಂದದ್ದು, 2015ರಲ್ಲಿ ಯೆಮನ್‌ನಿಂದ ತಂದದ್ದು, ಪಕ್ಷ ಯಾವುದಿದ್ದರೂ ಈ ಕೆಲಸ ನಿಂತಿಲ್ಲ. ಕೆಲಸ ಆಗದಿರುವುದು ಅದಕ್ಕೂ ಮೊದಲು, ಮನುಷ್ಯ ಊರಿನಿಂದ ಹೊರಡುವ ದಿನ.

ಇದಕ್ಕೆ ನನ್ನ ಉದಾಹರಣೆ ಕಲಬುರಗಿ. 2023ರ ಕೊನೆಗೆ ಕಲಬುರಗಿ ಜಿಲ್ಲೆಯ ಮೂವರು ಮತ್ತು ಪಕ್ಕದ ತೆಲಂಗಾಣದ ಒಬ್ಬ ಯುವಕ ರಷ್ಯಾಕ್ಕೆ ಹೋದರು. ಸೆಕ್ಯುರಿಟಿ, ಹೆಲ್ಪರ್ ಕೆಲಸ ಎಂದು ನಂಬಿಸಿದ್ದವನು ಯೂಟ್ಯೂಬ್‌ನಲ್ಲಿ ಚಾನೆಲ್ ಇಟ್ಟುಕೊಂಡಿದ್ದ ಏಜೆಂಟ್. ಅಲ್ಲಿ ಅವರ ಕೈಗೆ ಬಂದದ್ದು ಬಂದೂಕು, ಮುಟ್ಟಿದ್ದು ಉಕ್ರೇನ್ ಯುದ್ಧದ ಗಡಿ. 2024ರ ಫೆಬ್ರುವರಿಯಲ್ಲಿ ಸುದ್ದಿ ಹೊರಬಂತು. ಅದೇ ತಿಂಗಳು ಸೂರತ್‌ನ ಯುವಕನೊಬ್ಬ ಅಲ್ಲಿ ಸತ್ತ. ಮಾರ್ಚ್‌ನಲ್ಲಿ ಸಿಬಿಐ ಏಜೆಂಟರ ಮೇಲೆ ಪ್ರಕರಣ ದಾಖಲಿಸಿತು. ಜುಲೈನಲ್ಲಿ ಮಾಸ್ಕೋಗೆ ಹೋದ ಪ್ರಧಾನಿ ಪುಟಿನ್ ಮುಂದೆ ವಿಷಯ ಎತ್ತಿದರು. ಕಲಬುರಗಿಯ ಹುಡುಗರು ಮನೆ ಮುಟ್ಟಿದ್ದು ಸೆಪ್ಟೆಂಬರ್‌ನಲ್ಲಿ. 2025ರ ಜನವರಿಯಲ್ಲಿ ವಿದೇಶಾಂಗ ಸಚಿವಾಲಯ ಕೊಟ್ಟ ಲೆಕ್ಕದ ಪ್ರಕಾರ ರಷ್ಯಾ ಸೇನೆಗೆ ಸೇರಿದ್ದ 126 ಭಾರತೀಯರಲ್ಲಿ 96 ಮಂದಿ ಮರಳಿದ್ದರು, 12 ಮಂದಿ ಸತ್ತಿದ್ದರು, 16 ಮಂದಿ ಎಲ್ಲಿದ್ದಾರೆಂದೇ ತಿಳಿದಿರಲಿಲ್ಲ.

ರಷ್ಯಾ ನಮ್ಮ ಶತ್ರುವಲ್ಲ, ಹಳೆಯ ಸ್ನೇಹಿತ. ನಾವು ಮತ ಹಾಕದೆ ಉಳಿದದ್ದು, ಎಣ್ಣೆ ಕೊಂಡದ್ದು, ಸುಂಕದ ಪೆಟ್ಟು ತಿಂದದ್ದು ಎಲ್ಲ ಈ ಸ್ನೇಹದ ಲೆಕ್ಕಕ್ಕೇ ಬರುತ್ತದೆ. ಆ ಸ್ನೇಹಿತನ ಸೈನ್ಯದಿಂದ ನಮ್ಮ ಹುಡುಗರನ್ನು ಬಿಡಿಸಿಕೊಳ್ಳಲು ಏಳು ತಿಂಗಳು ಬೇಕಾಯಿತು. ಸ್ನೇಹ ಇಲ್ಲದಿದ್ದರೆ ಅಷ್ಟೂ ಆಗುತ್ತಿರಲಿಲ್ಲ ಎನ್ನಬಹುದು. ಇಷ್ಟು ಬೆಲೆ ತೆತ್ತ ಸ್ನೇಹಕ್ಕೆ ಒಂದು ವಾರ ಸಾಕಾಗಬೇಕಿತ್ತು ಎಂದೂ ಕೇಳಬಹುದು. ನಾನು ಎರಡನೆಯದನ್ನು ಕೇಳುವವರ ಕಡೆ.

ಈ ಸುದ್ದಿ ಪತ್ರಿಕೆಗಳಲ್ಲಿ ಬಂದು ಹೋದ ಮೇಲೆ ನಮ್ಮ ಗೇಟಿನ ಹೊರಗಿನ ಚಹಾದ ಟಪರಿಯಲ್ಲಿ ಅಫಜಲಪುರ ಕಡೆಯ ಗುತ್ತಿಗೆ ಕೆಲಸಗಾರನೊಬ್ಬ ನನ್ನನ್ನು ಕೇಳಿದ: "ಸರ್, ಒಬ್ಬಾವ ಹೊರದೇಶಕ್ಕ ಕಳಸ್ತೀನಿ ಅನ್ಲಾಕತ್ತಾನ್ರಿ. ಒಂದು ಲಕ್ಷ ಮೊದಲ ಕೊಡಬೇಕಂತ. ವಿಸಿಟ್ ವೀಸಾ ಅಂತ್ರಿ, ಅಲ್ಲಿ ಹೋದಮ್ಯಾಲ ಬದಲ ಮಾಡಿ ಕೊಡ್ತಾರಂತ. ಹೋಗ್ಲೇನ್ರಿ?" ಏಜೆಂಟನ ನೋಂದಣಿ ನಂಬರ್ ಕೇಳಿದ್ದೀಯಾ ಎಂದೆ. "ಅದಕ್ಕೂ ನಂಬರ್ ಇರತೈತೇನ್ರಿ?" ಎಂದ. ನಂಬರ್ ಕೇಳಿಬಾ, ಕೊಡದಿದ್ದರೆ ದುಡ್ಡು ಕೊಡಬೇಡ ಎಂದು ಹೇಳಿ ಕಳಿಸಿದೆ. ನಂಬರ್ ಬರಲಿಲ್ಲ, ಅವನೂ ಹೋಗಲಿಲ್ಲ. ಈಗಲೂ ಇಲ್ಲೇ ಎರಡನೇ ಪಾಳಿಯಲ್ಲಿದ್ದಾನೆ.

ಇರುತ್ತದೆ, ನಂಬರ್ ಇರುತ್ತದೆ. 1983ರ ವಲಸೆ ಕಾಯ್ದೆಯ ಪ್ರಕಾರ ಹೊರದೇಶದ ಕೆಲಸಕ್ಕೆ ಜನ ಕಳಿಸುವ ಏಜೆಂಟರು ನೋಂದಣಿ ಮಾಡಿಸಿಕೊಳ್ಳಲೇಬೇಕು. ಇ-ಮೈಗ್ರೇಟ್ ಜಾಲತಾಣದಲ್ಲಿ ಹೆಸರು ಹುಡುಕಿ ನೋಡಬಹುದು. ಅವರು ಕೆಲಸಗಾರನಿಂದ ತೆಗೆದುಕೊಳ್ಳಬಹುದಾದ ಶುಲ್ಕಕ್ಕೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಎಂಬ ಮಿತಿಯಿದೆ. ಒಂದು ಲಕ್ಷ ಕೇಳಿದವನು ಅಲ್ಲೇ ಸಿಕ್ಕಿಬೀಳುತ್ತಾನೆ. ಹತ್ತನೇ ತರಗತಿ ಪಾಸಾಗದವರು ಕೊಲ್ಲಿ ದೇಶಗಳು, ಸುಡಾನ್ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಸರ್ಕಾರದ ವಲಸೆ ಅನುಮತಿ ಬೇಕು. ಅವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ 275 ರೂಪಾಯಿಗೆ ಎರಡು ವರ್ಷ 10 ಲಕ್ಷದ ಅಪಘಾತ ವಿಮೆಯೂ ಸಿಗುತ್ತದೆ. ವಿಸಿಟ್ ವೀಸಾದಲ್ಲಿ ಹೋದವನಿಗೆ ಅನುಮತಿಯೂ ಇಲ್ಲ, ವಿಮೆಯೂ ಇಲ್ಲ, ಅವನು ಹೋದದ್ದು ರಾಯಭಾರ ಕಚೇರಿಗೆ ಗೊತ್ತೂ ಇಲ್ಲ. ರಷ್ಯಾವಂತೂ ಆ 18 ದೇಶಗಳ ಪಟ್ಟಿಯಲ್ಲೇ ಇಲ್ಲ. 40 ವರ್ಷ ಹಳೆಯ ಕಾಯ್ದೆ ಬರೆದವರು ಯೂಟ್ಯೂಬ್ ಏಜೆಂಟರನ್ನು ಕನಸಲ್ಲೂ ಕಂಡಿರಲಿಲ್ಲ. ಅದರ ಬದಲಿಗೆ ಹೊಸ ಮಸೂದೆಯ ಕರಡನ್ನು 2025ರಲ್ಲಿ ಸರ್ಕಾರ ಜನರ ಮುಂದಿಟ್ಟಿತು. ಅದರ ಮೇಲೆ ನಮ್ಮ ಸಂಸದರು ಎಷ್ಟು ಮಾತಾಡುತ್ತಾರೆ ಎಂಬುದು, ವಿಶ್ವಸಂಸ್ಥೆಯಲ್ಲಿ ನಾವು ಯಾರಿಗೆ ಮತ ಹಾಕಿದೆವು ಎಂಬುದಷ್ಟೇ ಮುಖ್ಯ.

ಹೊರನಾಡ ಕನ್ನಡಿಗರಾದ ನಮಗೆ ಇನ್ನೊಂದು ತೊಡಕಿದೆ. ಉಕ್ರೇನ್, ಸುಡಾನ್ ಸಮಯದಲ್ಲಿ ಜನರ ಪಟ್ಟಿ ತಯಾರಾದದ್ದು ರಾಜ್ಯವಾರು. ದೆಹಲಿಯಲ್ಲಿ ವಿಮಾನ ಇಳಿದವರನ್ನು ಅವರವರ ರಾಜ್ಯದ ಅಧಿಕಾರಿಗಳು ಊರಿಗೆ ಕಳಿಸಿದರು. ಒಳ್ಳೆಯ ವ್ಯವಸ್ಥೆಯೇ. ಆದರೆ ಕುರಕುಂಭದಲ್ಲಿ ಹತ್ತು ವರ್ಷದಿಂದ ಇದ್ದು, ಆಧಾರ್ ವಿಳಾಸ ದೌಂಡ್ ತಾಲ್ಲೂಕಿನದಾಗಿ, ತಂದೆತಾಯಿ ಇಂಡಿ ತಾಲ್ಲೂಕಿನಲ್ಲಿರುವ ಹುಡುಗ ಮಸ್ಕತ್‌ಗೆ ಹೋಗಿ ಸಿಕ್ಕಿಬಿದ್ದರೆ ಅವನು ಯಾರ ಪಟ್ಟಿಯವನು? ಕೇರಳ 1996ರಲ್ಲೇ ಹೊರಗಿರುವ ಮಲಯಾಳಿಗಳಿಗಾಗಿ ನೋರ್ಕಾ ಎಂಬ ಪ್ರತ್ಯೇಕ ಇಲಾಖೆ ಮಾಡಿತು. ಬೇರೆ ರಾಜ್ಯಗಳಲ್ಲಿ ನೆಲೆಸಿದ ಮಲಯಾಳಿಗಳೂ ಅದರ ಲೆಕ್ಕದಲ್ಲಿದ್ದಾರೆ. ನಮ್ಮಲ್ಲಿ ಅನಿವಾಸಿ ಭಾರತೀಯ ಸಮಿತಿ ಇದೆ. ಹೆಸರೇ ಹೇಳುವಂತೆ ಅದರ ಗಮನ ಇರುವುದು ಹೊರದೇಶದಲ್ಲಿ ನೆಲೆನಿಂತವರ ಕಡೆ. ಸೊಲ್ಲಾಪುರ ದಾಟಿ ಬಂದು, ಅಲ್ಲಿಂದ ಸಮುದ್ರ ದಾಟುವ ಕೂಲಿಯವನಿಗೆ ಎರಡು ರಾಜ್ಯಗಳಿದ್ದೂ ಒಂದೂ ಇಲ್ಲದಂತೆ.

ಹಾಗಾಗಿ ದೊಡ್ಡ ಮಾತಿನ ಜೊತೆಗೆ ಒಂದು ಸಣ್ಣ ಸಲಹೆ. ಪುಣೆ, ಮುಂಬೈ, ಸೊಲ್ಲಾಪುರಗಳ ನಮ್ಮ ಕನ್ನಡ ಸಂಘಗಳು ರಾಜ್ಯೋತ್ಸವವನ್ನು ಚೆನ್ನಾಗಿ ಮಾಡುತ್ತವೆ. ಅದೇ ವೇದಿಕೆಯ ಪಕ್ಕದಲ್ಲಿ ಒಂದು ಮೇಜು, ಒಂದು ಲ್ಯಾಪ್‌ಟಾಪ್ ಇಟ್ಟರೆ ಸಾಕು. ಹೊರದೇಶಕ್ಕೆ ಹೊರಟವರ ಏಜೆಂಟ್ ನೋಂದಾಯಿತನೇ ಎಂದು ನೋಡಿಕೊಡುವುದು, ವೀಸಾ ಯಾವ ಬಗೆಯದು ಎಂದು ಓದಿ ಹೇಳುವುದು, ಅಲ್ಲಿ ಮುಟ್ಟಿದ ಮೇಲೆ ರಾಯಭಾರ ಕಚೇರಿಯಲ್ಲಿ ಹೆಸರು ಬರೆಸಲು ಹೇಳುವುದು, ತೊಂದರೆಯಾದರೆ ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣದಲ್ಲಿ ದೂರು ಹಾಕಿಕೊಡುವುದು. ನಮ್ಮಂಥ ಐಟಿಯವರಿಗೆ ಇದು ಅರ್ಧ ಗಂಟೆಯ ಕೆಲಸ. ಓದು ಬರಹ ಕಡಿಮೆ ಇರುವವನಿಗೆ ಅದು ಜೀವದ ಪ್ರಶ್ನೆ. ನನ್ನ ಪರಿಚಯದ ನಾಲ್ಕೈದು ಗೆಳೆಯರು ಸರದಿಯ ಮೇಲೆ ಕೂರಲು ಒಪ್ಪಿದ್ದಾರೆ. ಉಳಿದ ಕಡೆಯ ಓದುಗರೂ ತಮ್ಮ ಸಂಘದಲ್ಲಿ ಈ ಮಾತು ಎತ್ತಿದರೆ ಒಳ್ಳೆಯದು.

ಇನ್ನು ಸರ್ಕಾರದ ನೀತಿಯ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ ಇಷ್ಟು. ಇಬ್ಬರೊಂದಿಗೂ ಮಾತು ಉಳಿಸಿಕೊಳ್ಳುವುದು ಸರಿಯಾದ ದಾರಿ. ಕೋಟ್ಯಂತರ ಜನ ಹೊರಗೆ ದುಡಿಯುವ ದೇಶಕ್ಕೆ ಅದು ಬಿಟ್ಟು ಬೇರೆ ದಾರಿ ಕಾಣೆ. ಆದರೆ ಆ ಮಾತನ್ನು ಎಣ್ಣೆಯ ದರಕ್ಕೆ ಬಳಸಿದಷ್ಟೇ ಚುರುಕಾಗಿ ಆಳಂದದ, ಅಲೀಪುರದ, ಪಕ್ಷಿರಾಜಪುರದ ಜನರಿಗೂ ಬಳಸಬೇಕು. ಸ್ನೇಹಿತನ ತಪ್ಪನ್ನು ಸ್ನೇಹಿತನ ಮುಖಕ್ಕೇ ಹೇಳಬೇಕು. ತಿಮ್ಮಯ್ಯನವರು ಎರಡೂ ಕಡೆಯಿಂದ ಬೈಸಿಕೊಂಡರೂ ತಮ್ಮ ವಶದಲ್ಲಿದ್ದ ಒಬ್ಬೊಬ್ಬ ಕೈದಿಯ ಹೆಸರನ್ನೂ ಲೆಕ್ಕದಲ್ಲಿಟ್ಟರು. ರಷ್ಯಾದಲ್ಲಿ ಕಾಣೆಯಾದ ಆ 16 ಮಂದಿಯ ಹೆಸರೂ ಹಾಗೆಯೇ ಲೆಕ್ಕದಲ್ಲಿರಬೇಕು. ಮುಂದಿನ ಸಲ ನಿಮ್ಮ ಸಂಸದರು ಮತ ಕೇಳಲು ಬಂದಾಗ ರಸ್ತೆ, ನೀರಿನ ಜೊತೆ ಇದನ್ನೂ ಒಂದು ಮಾತು ಕೇಳಿ.